ಧುಮುಕುಕೊಡೆ ಇಲ್ಲದೆ ಏರಿದ ಹುಡುಗರು



1918ರ ಜುಲೈ ತಿಂಗಳ ಕೊನೆಯ ಹತ್ತು ದಿನಗಳಿಂದ ಮಾತು ಶುರುಮಾಡುತ್ತೇನೆ. ಮೊದಲ ಮಹಾಯುದ್ಧ ಮುಗಿಯುವುದಕ್ಕೆ ಆಗ ಪೂರಾ ನಾಲ್ಕು ತಿಂಗಳೂ ಉಳಿದಿರಲಿಲ್ಲ. ಜುಲೈ 22ರಂದು ಉತ್ತರ ಫ್ರಾನ್ಸಿನ ಕಾರ್ವಿನ್ ಊರಿನ ಮೇಲೆ ಇಂದ್ರಲಾಲ್ ರಾಯ್ ಎಂಬ ಯುದ್ಧವಿಮಾನದ ಪೈಲಟ್ ಸತ್ತ. ಹುಟ್ಟೂರು ಕಲ್ಕತ್ತ, ವಯಸ್ಸು 19. ನಾಲ್ಕು ದಿನ ಕಳೆದು, 26ರಂದು, ಎಡ್ವರ್ಡ್ ಮ್ಯಾನಕ್ ಸತ್ತ. 31ರಂದು ಜಾರ್ಜ್ ಮೆಕೆಲ್ರಾಯ್. ಮೂವರೂ ಬ್ರಿಟಿಷ್ ವಾಯುಪಡೆಯ 40ನೆಯ ಸ್ಕ್ವಾಡ್ರನ್ನಿನ ನಂಟಿನವರು. ಮ್ಯಾನಕ್ ಅಲ್ಲಿ ಪಳಗಿ ಬೇರೆ ತುಕಡಿಗೆ ನಾಯಕನಾಗಿ ಹೋಗಿದ್ದ. ಮೆಕೆಲ್ರಾಯ್ ಅವನ ನೆರಳಿನಲ್ಲೇ ಯುದ್ಧ ಕಲಿತವನು. ರಾಯ್ ಈ ಮೆಕೆಲ್ರಾಯ್‌ನ ಜೊತೆ ಹಾರಿದವನು. ಗುರು, ಶಿಷ್ಯ, ಶಿಷ್ಯನ ಕೈಕೆಳಗಿನ ಹುಡುಗ, ಮೂವರೂ ಹತ್ತೇ ದಿನದಲ್ಲಿ ಹೋದರು.

ಇವರನ್ನು ವೀರರೆಂದು ಬಣ್ಣಿಸುವ ಪುಸ್ತಕಗಳು ಬೇಕಾದಷ್ಟಿವೆ. ಯಾರು ಎಷ್ಟು ವಿಮಾನ ಉರುಳಿಸಿದರು ಎಂಬ ಲೆಕ್ಕವೂ ಇದೆ. ನನಗೆ ಕಾಡುವ ಪ್ರಶ್ನೆ ಬೇರೆ. ಅಷ್ಟೊಂದು ಹುಡುಗರು ಅಷ್ಟು ಬೇಗ ಯಾಕೆ ಸತ್ತರು? ಶತ್ರುವಿನ ಗುಂಡು ಒಂದು ಕಾರಣ, ಸರಿ. ಆದರೆ ಆ ಸಾವುಗಳಲ್ಲಿ ದೊಡ್ಡ ಪಾಲು ನೆಲದ ಮೇಲೆ ಕುಳಿತವರು ತೆಗೆದುಕೊಂಡ ತೀರ್ಮಾನಗಳಿಂದ ಬಂದದ್ದು. ಓದುತ್ತ ಹೋದ ಹಾಗೆ ನನಗೆ ಇದು ಗಟ್ಟಿಯಾಗಿದೆ.

ರೈಟ್ ಸೋದರರು ವಿಮಾನ ಹಾರಿಸಿದ್ದು 1903ರ ಡಿಸೆಂಬರ್ 17ರಂದು. ಮೊದಲ ಹಾರಾಟ 12 ಸೆಕೆಂಡು. ಅಲ್ಲಿಂದ ಹನ್ನೊಂದು ವರ್ಷ ತುಂಬುವುದರೊಳಗೆ ಮನುಷ್ಯ ಆಕಾಶದಲ್ಲಿ ಮನುಷ್ಯನನ್ನು ಕೊಂದಿದ್ದ. 1914ರ ಅಕ್ಟೋಬರ್ 5ರಂದು ಫ್ರಾನ್ಸಿನ ರೀಮ್ಸ್ ನಗರದ ಹತ್ತಿರ ಫ್ರಾಂಟ್ಸ್ ಮತ್ತು ಕೆನೋ ಎಂಬ ಇಬ್ಬರು ಫ್ರೆಂಚರು ತಮ್ಮ ವಿಮಾನದಲ್ಲಿದ್ದ ಮೆಷಿನ್ ಗನ್ನಿನಿಂದ ಒಂದು ಜರ್ಮನ್ ವಿಮಾನವನ್ನು ಉರುಳಿಸಿದರು. ಅದಕ್ಕೂ ಒಂದು ತಿಂಗಳು ಹಿಂದೆ ರಷ್ಯಾದ ನೆಸ್ತೆರೊವ್ ಬಂದೂಕಿಲ್ಲದ ತನ್ನ ವಿಮಾನವನ್ನೇ ಆಸ್ಟ್ರಿಯಾದ ವಿಮಾನಕ್ಕೆ ಗುದ್ದಿಸಿ ಅದನ್ನು ಕೆಡವಿದ್ದ, ತಾನೂ ಸತ್ತಿದ್ದ.

ಆ ಕಾಲದ ವಿಮಾನದಲ್ಲಿ ಕೂರುವುದೆಂದರೆ ಹೇಗಿರುತ್ತಿತ್ತು? ಮರದ ಚೌಕಟ್ಟು, ಅದರ ಮೇಲೆ ಬಿಗಿದ ಲಿನನ್ ಬಟ್ಟೆ. ಬಟ್ಟೆ ಸೆಟೆದು ನಿಲ್ಲಲೆಂದು ಬಳಿದ ಲೇಪಕ್ಕೆ ಕಿಡಿ ತಾಗಿದರೆ ಸಾಕು, ಹೊತ್ತಿಕೊಳ್ಳುತ್ತಿತ್ತು. ಪೆಟ್ರೋಲ್ ಟ್ಯಾಂಕು ಪೈಲಟ್ಟಿನ ಮೊಣಕಾಲ ಮುಂದೆಯೋ ಬೆನ್ನ ಹಿಂದೆಯೋ ಇರುತ್ತಿತ್ತು. ಕೂರುವ ಜಾಗಕ್ಕೆ ಮೇಲೆ ಮುಚ್ಚಿಗೆ ಇಲ್ಲ. ಹದಿನೈದು ಹದಿನೆಂಟು ಸಾವಿರ ಅಡಿ ಏರಿದಾಗ ಉಸಿರಿಗೆ ಆಮ್ಲಜನಕವಿಲ್ಲ, ಚಳಿಗೆ ತಡೆಯಿಲ್ಲ. ಮುಖಕ್ಕೆ ತಿಮಿಂಗಿಲದ ಎಣ್ಣೆ ಬಳಿದುಕೊಂಡು ಹೋಗುತ್ತಿದ್ದರು. ಕೆಲವು ವಿಮಾನಗಳಲ್ಲಿ ಪ್ರೊಪೆಲರಿನ ಜೊತೆ ಇಡೀ ಎಂಜಿನ್ನೇ ಗಿರಗಿರ ತಿರುಗುತ್ತಿತ್ತು. ಅದಕ್ಕೆ ಹಾಕುತ್ತಿದ್ದದ್ದು ಹರಳೆಣ್ಣೆ, ಏಕೆಂದರೆ ಹರಳೆಣ್ಣೆ ಪೆಟ್ರೋಲಿನೊಡನೆ ಸುಲಭಕ್ಕೆ ಬೆರೆತು ತೆಳುವಾಗುವುದಿಲ್ಲ. ಉರಿಯದೆ ಉಳಿದ ಎಣ್ಣೆ ತುಂತುರಾಗಿ ಹಿಂದಕ್ಕೆ ಸಿಡಿದು ಪೈಲಟ್ಟಿನ ಕನ್ನಡಕ, ಮೂಗು, ಬಾಯಿ ಎಲ್ಲ ಸೇರುತ್ತಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ನಮ್ಮಲ್ಲಿ ಅಜ್ಜಿಯಂದಿರ ಕೈಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಚಿತ್ರಗಳಲ್ಲಿ ಆ ಪೈಲಟ್‌ಗಳ ಕೊರಳಲ್ಲಿ ಕಾಣುವ ರೇಷ್ಮೆಯ ವಸ್ತ್ರ ಷೋಕಿಗೆ ಕಟ್ಟಿದ್ದಲ್ಲ. ಶತ್ರು ಎಲ್ಲಿಂದ ಬರುತ್ತಾನೋ ಎಂದು ಗಳಿಗೆಗೊಮ್ಮೆ ಕತ್ತು ತಿರುಗಿಸಿ ತಿರುಗಿಸಿ ಚರ್ಮ ಉಜ್ಜಿಹೋಗುತ್ತಿತ್ತು. ಎಣ್ಣೆ ಒರೆಸಿಕೊಳ್ಳಲೂ ಅದೇ ಬಟ್ಟೆ.

ಈ ಯಂತ್ರಕ್ಕೆ ಹುಡುಗರನ್ನು ಹೇಗೆ ತಯಾರು ಮಾಡಿದರು ಎಂಬಲ್ಲಿ ಮೊದಲ ತಪ್ಪಿದೆ. ಮೊದಲ ವರ್ಷಗಳಲ್ಲಿ ಕಲಿಸುವವರಿಗೇ ಕಲಿಸುವ ವಿದ್ಯೆ ಇರಲಿಲ್ಲ. ರಣರಂಗದಿಂದ ದಣಿದು ಬಂದ ಪೈಲಟ್ಟನ್ನು ವಿಶ್ರಾಂತಿಗೆಂದು ತರಬೇತಿ ಶಾಲೆಗೆ ಹಾಕುತ್ತಿದ್ದರು. ಹೊಸಬನ ಕೈಯಲ್ಲಿ ಸಾಯಬಾರದು ಎಂಬುದೇ ಅವನ ಚಿಂತೆ. ವಿಮಾನ ಗಿರಕಿ ಹೊಡೆಯುತ್ತ ಕೆಳಗೆ ಬೀಳತೊಡಗಿದರೆ ಅದರಿಂದ ಹೊರಬರುವ ದಾರಿ 1912ರಲ್ಲೇ ಇಂಗ್ಲೆಂಡಿನ ವಿಲ್ಫ್ರೆಡ್ ಪಾರ್ಕ್ ಎಂಬವನಿಗೆ ಹೊಳೆದಿತ್ತು. ಆದರೂ ವರ್ಷಗಟ್ಟಲೆ ಹುಡುಗರಿಗೆ ಅದನ್ನು ಕ್ರಮವಾಗಿ ಹೇಳಿಕೊಡಲಿಲ್ಲ. ಎಷ್ಟೋ ಮಂದಿ ಶತ್ರುವಿನ ಮುಖ ನೋಡುವ ಮೊದಲೇ ತಮ್ಮ ಊರಿನ ಹೊಲಗಳಲ್ಲಿ ಬಿದ್ದು ಸತ್ತರು. ಸೋಪ್‌ವಿತ್ ಕ್ಯಾಮೆಲ್ ಎಂಬ ಹೆಸರಾಂತ ವಿಮಾನ ಎಂಜಿನ್ನಿನ ತಿರುಗುಬಲದಿಂದ ಬಲಕ್ಕೆ ಮಿಂಚಿನಂತೆ ತಿರುಗುತ್ತಿತ್ತು. ಪಳಗಿದವನಿಗೆ ಅದು ವರ, ಹೊಸಬನಿಗೆ ಮೃತ್ಯು. 1917ರಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಗಾಸ್‌ಪೋರ್ಟಿನಲ್ಲಿ ಹೊಸ ಶಾಲೆ ನಡೆಸತೊಡಗಿದ. ಆವ್ರೊ 504 ವಿಮಾನ, ಗುರುವಿಗೂ ಶಿಷ್ಯನಿಗೂ ಒಂದೊಂದು ಚಾಲನದಂಡ, ಗದ್ದಲದ ನಡುವೆ ಮಾತು ಕೇಳಿಸಲು ಒಂದು ರಬ್ಬರ್ ಕೊಳವೆ. ಅಪಾಯದ ಚಲನೆಗಳನ್ನು ಮುಚ್ಚಿಡದೆ ಬೇಕೆಂದೇ ಮಾಡಿಸಿ, ಹೊರಬರುವುದನ್ನು ಕಲಿಸುವುದು ಅವನ ಕ್ರಮ. ಇದಕ್ಕೆ ಹೊಸ ಲೋಹವೂ ಬೇಕಿರಲಿಲ್ಲ, ಹೊಸ ವಿಜ್ಞಾನವೂ ಬೇಕಿರಲಿಲ್ಲ. ಕಲಿಸುವ ಮನಸ್ಸಿದ್ದರೆ ಎರಡು ವರ್ಷ ಮೊದಲೇ ಆಗಬಹುದಿತ್ತು.

ಎರಡನೆಯದು ಯಂತ್ರದ ಮಾತು. 1915ರ ಏಪ್ರಿಲ್ ಹೊತ್ತಿಗೆ ಫ್ರಾನ್ಸಿನ ರೋಲಾಂ ಗಾರೋಸ್, ಪ್ರೊಪೆಲರಿನ ಅಲಗುಗಳಿಗೆ ಉಕ್ಕಿನ ಬೆಣೆ ಕಟ್ಟಿ, ಅದರ ನಡುವಿನಿಂದಲೇ ನೇರ ಮುಂದಕ್ಕೆ ಗುಂಡು ಹಾರಿಸಿದ. ಬೆಣೆಗೆ ತಾಗಿದ ಗುಂಡು ಪಕ್ಕಕ್ಕೆ ಸಿಡಿಯುತ್ತಿತ್ತು. ಮೂರೇ ವಾರದಲ್ಲಿ ಅವನು ಸೆರೆಸಿಕ್ಕ. ಜರ್ಮನರ ಕಡೆ ಫೋಕರನ ಕಾರ್ಖಾನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲಗು ಗನ್ನಿನ ಎದುರಿಗೆ ಬಂದಾಗ ಗುಂಡು ತಾನಾಗಿ ತಡೆದುಕೊಳ್ಳುವ ಜೋಡಣೆ ಅದು. ಅಲ್ಲಿಂದ ಮುಂದೆ ವಿಮಾನವೇ ಬಂದೂಕು, ಗುರಿಯಿಡುವುದೆಂದರೆ ವಿಮಾನವನ್ನೇ ಶತ್ರುವಿನ ಕಡೆ ತಿರುಗಿಸುವುದು.

ಇದಕ್ಕೆ ಎದುರಾಗಿ ಬ್ರಿಟಿಷರು ಬಹುಕಾಲ ನೆಚ್ಚಿಕೊಂಡದ್ದು ಬಿ.ಇ.2 ಎಂಬ ಇಬ್ಬರು ಕೂರುವ ವಿಮಾನವನ್ನು. ಇದರ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪೈಲಟ್ ಹಿಂದೆ ಕೂರುತ್ತಾನೆ, ಕಾವಲಿನವನು ಮುಂದೆ. ಮುಂದಿನವನ ಎದುರಿಗೆ ಎಂಜಿನ್ನು ಮತ್ತು ತಿರುಗುವ ಪ್ರೊಪೆಲರ್, ತಲೆಯ ಮೇಲೆ ರೆಕ್ಕೆ, ಎರಡು ಪಕ್ಕದಲ್ಲೂ ಆಸರೆಯ ಕಂಬಗಳು ಮತ್ತು ತಂತಿಗಳು, ಬೆನ್ನ ಹಿಂದೆ ತನ್ನದೇ ಪೈಲಟ್. ಅವನ ಕೈಯಲ್ಲೊಂದು ಲೂಯಿಸ್ ಗನ್. ಹಿಂದಿನಿಂದ ಶತ್ರು ಬಂದರೆ ಅವನು ಎದ್ದುನಿಂತು, ಆ ಗನ್ನನ್ನು ಒಂದು ಗೂಟದಿಂದ ಕಿತ್ತು ಇನ್ನೊಂದು ಗೂಟಕ್ಕೆ ಸಿಕ್ಕಿಸಿ, ಪೈಲಟ್ಟಿನ ತಲೆಯ ಮೇಲಿಂದ ಹಿಂದಕ್ಕೆ ಗುಂಡು ಹಾರಿಸಬೇಕು. ವಿಮಾನವೋ, ನೆಟ್ಟಗೆ ಸ್ಥಿರವಾಗಿ ಹಾರಲೆಂದೇ ಕಟ್ಟಿದ್ದು. ಫೋಟೊ ತೆಗೆಯಲು ಅದು ಚೆನ್ನ, ತಪ್ಪಿಸಿಕೊಳ್ಳಲು ಅಲ್ಲ. ಇಂಥ ವಿಮಾನಗಳನ್ನು ಸುಮಾರು 3,500ರಷ್ಟು ಕಟ್ಟಿದರು. ಅವು ಹಳತಾದ ಮೇಲೂ ಮುಂಚೂಣಿಗೆ ಕಳಿಸುತ್ತಲೇ ಇದ್ದರು.

ಅದರ ಬೆಲೆ ಕಟ್ಟಿದ್ದು 1917ರ ಏಪ್ರಿಲ್‌ನಲ್ಲಿ. ಆರಾಸ್ ಊರಿನ ಹತ್ತಿರ ಬ್ರಿಟಿಷ್ ಸೇನೆ ಏಪ್ರಿಲ್ 9ರಂದು ದೊಡ್ಡ ದಾಳಿ ಶುರುಮಾಡಿತು. ನೆಲದ ಸೈನ್ಯಕ್ಕೆ ಶತ್ರು ಕಂದಕಗಳ ಫೋಟೊ ಬೇಕು, ಫಿರಂಗಿಗಳಿಗೆ ಗುರಿ ತೋರಿಸಬೇಕು. ವಾಯುಪಡೆಯ ಮುಖ್ಯಸ್ಥ ಟ್ರೆಂಚಾರ್ಡ್ ಅವರ ನೀತಿ ಒಂದೇ: ಯಾವಾಗಲೂ ಶತ್ರುವಿನ ಗಡಿಯೊಳಗೆ ನುಗ್ಗಿ ಹಾರಬೇಕು, ನಷ್ಟ ಎಷ್ಟಾದರೂ ಸರಿ. ಆ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವಾಗ ಗಾಳಿ ಬೆನ್ನಿಗೆ, ಗಾಯಗೊಂಡು ಹಿಂದಿರುಗುವಾಗ ಎದೆಗೆ. ಎಂಜಿನ್ ನಿಂತರೆ ಬೀಳುವುದು ಜರ್ಮನರ ಮಡಿಲಿಗೆ. ಜರ್ಮನರು ತಮ್ಮ ನೆಲದ ಮೇಲೇ ಕಾಯುತ್ತಿದ್ದರು, ಅವರ ಆಲ್ಬಟ್ರಾಸ್ ವಿಮಾನಕ್ಕೆ ಎರಡೆರಡು ಗನ್ನು. ಮಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫೆನ್ ಒಬ್ಬನೇ ಆ ತಿಂಗಳು 21 ವಿಮಾನ ಉರುಳಿಸಿದ, 29ನೆಯ ತಾರೀಖು ಒಂದೇ ದಿನ ನಾಲ್ಕು. ತಿಂಗಳು ಮುಗಿಯುವಾಗ ಬ್ರಿಟಿಷರ ನಷ್ಟ 245 ವಿಮಾನ. ಸತ್ತವರು, ಕಾಣೆಯಾದವರು 211, ಸೆರೆಯಾದವರು 108. ಜರ್ಮನರು ಕಳೆದುಕೊಂಡದ್ದು 66 ವಿಮಾನ. ರಕ್ತದ ಏಪ್ರಿಲ್ ಎಂದೇ ಅದಕ್ಕೆ ಹೆಸರಾಯಿತು. ಖಾಲಿಯಾದ ಜಾಗ ತುಂಬಲು ಹೊಸಬರನ್ನು ಆತುರಾತುರವಾಗಿ ಕಳಿಸಿದರು. ಕೆಲವರಿಗೆ ಒಟ್ಟು ಇಪ್ಪತ್ತು ಗಂಟೆಯ ಹಾರಾಟದ ಅನುಭವವೂ ಇರಲಿಲ್ಲ. ಅಂಥವರ ಆಯುಸ್ಸನ್ನು ತಿಂಗಳುಗಳಲ್ಲಿ ಎಣಿಸುವಂತಿರಲಿಲ್ಲ.

ಪಳಗಿದವರೂ ಉಳಿಯಲಿಲ್ಲ, ಅದು ಬೇರೆ ಮಾತು. ಜರ್ಮನಿಯ ಬೋಲ್ಕೆ ಆಕಾಶಯುದ್ಧಕ್ಕೆ ನಿಯಮಗಳನ್ನೇ ಬರೆದುಕೊಟ್ಟವನು, ತನ್ನದೇ ತುಕಡಿಯ ಗೆಳೆಯನ ವಿಮಾನ ತಾಗಿ 1916ರ ಅಕ್ಟೋಬರ್‌ನಲ್ಲಿ ಸತ್ತ. ಇಂಗ್ಲೆಂಡಿನ ಆಲ್ಬರ್ಟ್ ಬಾಲ್ 20ನೆಯ ವಯಸ್ಸಿನಲ್ಲಿ, ಜರ್ಮನಿಯ ವರ್ನರ್ ಫಾಸ್ 20ನೆಯ ವಯಸ್ಸಿನಲ್ಲಿ, ಫ್ರಾನ್ಸಿನ ಗೀನೆಮೇರ್ 22ರಲ್ಲಿ, ರಿಕ್ಟ್‌ಹೋಫೆನ್ 25ರಲ್ಲಿ ತೀರಿಹೋದರು. 57 ವಿಮಾನ ಉರುಳಿಸಿದ ಮೆಕಡನ್, ಹೊಸ ತುಕಡಿಯ ನಾಯಕತ್ವ ವಹಿಸಿಕೊಳ್ಳಲು ಹೊರಟು, ದಾರಿಯಲ್ಲಿ ಎಂಜಿನ್ ಕೈಕೊಟ್ಟು ಮರಗಳ ನಡುವೆ ಬಿದ್ದ. ಅವನಿಗೆ 23.

ಈಗ ಮೂರನೆಯದಕ್ಕೆ ಬರುತ್ತೇನೆ. ಇದನ್ನು ನೆನೆದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಆ ಪೈಲಟ್‌ಗಳು ಗುಂಡಿಗಿಂತ ಹೆಚ್ಚಾಗಿ ಹೆದರುತ್ತಿದ್ದದ್ದು ಬೆಂಕಿಗೆ. ಹತ್ತು ಸಾವಿರ ಅಡಿ ಎತ್ತರದಲ್ಲಿ ವಿಮಾನ ಹೊತ್ತಿಕೊಂಡರೆ ಕೆಳಗೆ ತಲುಪಲು ನಿಮಿಷಗಳೇ ಬೇಕು. ಅಷ್ಟು ಹೊತ್ತು ಬೆಂಕಿಯಲ್ಲಿ ಕೂತಿರಬೇಕು, ಇಲ್ಲವೇ ಹಾರಿಬಿಡಬೇಕು. ಮ್ಯಾನಕ್‌ಗೆ ಈ ಭಯ ಕನಸಿನಲ್ಲೂ ಬಿಟ್ಟಿರಲಿಲ್ಲ. ಬೆಂಕಿ ಹತ್ತಿದರೆ ತನ್ನನ್ನು ತಾನೇ ಮುಗಿಸಿಕೊಳ್ಳಲೆಂದು ಅವನು ಜೊತೆಯಲ್ಲಿ ಪಿಸ್ತೂಲು ಇಟ್ಟುಕೊಂಡಿರುತ್ತಿದ್ದನೆಂದು ಜೊತೆಗಾರರು ಹೇಳಿದ್ದಾರೆ. ಅಮೆರಿಕದ ಪಡೆಯ ರಾವುಲ್ ಲುಫ್ಬರಿ 1918ರ ಮೇ 19ರಂದು ಉರಿಯುವ ವಿಮಾನದಿಂದ ಕೆಳಗೆ ಬಿದ್ದು ಒಂದು ಹಳ್ಳಿಯ ಹಿತ್ತಿಲಲ್ಲಿ ಸತ್ತ.

ಪ್ಯಾರಾಶೂಟ್, ಅಂದರೆ ಧುಮುಕುಕೊಡೆ, ಆಗ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಬಲೂನಿನಲ್ಲಿ ಕುಳಿತು ಶತ್ರುವಿನ ನೆಲ ನೋಡುತ್ತಿದ್ದ ಸೈನಿಕರಿಗೆ ಧುಮುಕುಕೊಡೆ ಕೊಟ್ಟಿದ್ದರು. ಬಲೂನಿಗೆ ಬೆಂಕಿ ಬಿದ್ದಾಗ ಅವರು ಹಾರಿ ಬದುಕುತ್ತಿದ್ದರು. ಕೆಲವರು ಹೀಗೆ ಮತ್ತೆಮತ್ತೆ ಹಾರಿ ಉಳಿದದ್ದುಂಟು. ವಿಮಾನಕ್ಕೂ ಒಂದನ್ನು ತಯಾರಿಸಿದವನು ಎವರಾರ್ಡ್ ಕ್ಯಾಲ್‌ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್.

ಈ ಹೆಸರು ನಮಗೆ ಹೊರಗಿನದಲ್ಲ. ಸೊಲ್ಲಾಪುರ ಸೀಮೆಯಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ, ಮುಂದೆ ಪಂಢರಪುರಕ್ಕೆ, ಲಾತೂರಿಗೆ, ಮಿರಜಿಗೆ ಹಬ್ಬಿದ ಎರಡೂವರೆ ಅಡಿ ಅಗಲದ ಪುಟ್ಟ ರೈಲುಹಾದಿ ಇತ್ತಲ್ಲ, ಬಾರ್ಶಿ ಲೈಟ್ ರೈಲ್ವೆ, ಅದನ್ನು ಯೋಜಿಸಿ ಕಟ್ಟಿಸಿದವನು ಇದೇ ಕ್ಯಾಲ್‌ತ್ರಾಪ್. 1897ರಲ್ಲಿ ಅದರ ಮೊದಲ ತುಂಡು ತೆರೆಯಿತು. ವಿಠ್ಠಲನ ದರ್ಶನಕ್ಕೆ ಹೋದ ನಮ್ಮ ಕಡೆಯ ಭಕ್ತರು ತಲೆಮಾರುಗಟ್ಟಲೆ ಆ ಗಾಡಿಯಲ್ಲಿ ಕೂತಿದ್ದಾರೆ. ಕಡಿಮೆ ಭಾರದ ಬಂಡಿ, ಸಮನಾಗಿ ಹಂಚಿದ ತೂಕ, ಇದು ಅವನ ರೈಲಿನ ಶಾಸ್ತ್ರ. 1910ರಲ್ಲಿ ಅವನ ಗೆಳೆಯ ಚಾರ್ಲ್ಸ್ ರೋಲ್ಸ್, ಹೌದು, ರೋಲ್ಸ್ ರಾಯ್ಸ್ ಕಾರಿನ ರೋಲ್ಸ್, ಬೋರ್ನ್‌ಮತ್ ಊರಿನಲ್ಲಿ ವಿಮಾನ ಮುರಿದು ಬಿದ್ದು ಸತ್ತ. ಆಮೇಲೆ ಕ್ಯಾಲ್‌ತ್ರಾಪ್ ತನ್ನ ಬುದ್ಧಿಯನ್ನೂ ಹಣವನ್ನೂ ಹಾಕಿದ್ದು ಧುಮುಕುಕೊಡೆಗೆ. ಕಾಪಾಡುವ ದೇವತೆ ಎಂಬ ಅರ್ಥದ ಹೆಸರಿಟ್ಟು ಅದನ್ನು ಸರ್ಕಾರದ ಮುಂದೆ ಇಟ್ಟ.

1917ರ ಜನವರಿಯಲ್ಲಿ ಆರ್‌ಫರ್ಡ್‌ನೆಸ್ ಎಂಬಲ್ಲಿ ಕ್ಲೈವ್ ಕಾಲೆಟ್ ಎಂಬ ಅಧಿಕಾರಿ ಹಾರುವ ವಿಮಾನದಿಂದ ಅದನ್ನು ತೊಟ್ಟು ಜಿಗಿದು ಕ್ಷೇಮವಾಗಿ ಇಳಿದ. ಅದೇ ವರ್ಷ ನವೆಂಬರ್‌ನಲ್ಲಿ ಓರ್ಡ್-ಲೀಸ್ ಎಂಬ ಇನ್ನೊಬ್ಬ ಅಧಿಕಾರಿ ಲಂಡನ್ನಿನ ಟವರ್ ಬ್ರಿಜ್ ಮೇಲಿಂದಲೇ ಥೇಮ್ಸ್ ನದಿಗೆ ಹಾರಿ ತೋರಿಸಿದ. ಅಷ್ಟು ಕಡಿಮೆ ಎತ್ತರದಲ್ಲೂ ಅದು ಬಿಚ್ಚಿಕೊಂಡಿತು. ಮೇಲಿನವರು ಒಪ್ಪಲಿಲ್ಲ. ಒಬ್ಬರೇ ಕೂರುವ ಯುದ್ಧವಿಮಾನಕ್ಕೆ ಈ ಸಲಕರಣೆ ಭಾರ, ಇಡಲು ಜಾಗವಿಲ್ಲ, ಏರುವ ವೇಗ ಕುಗ್ಗುತ್ತದೆ ಎಂದರು. ಈ ಮಾತಿನಲ್ಲಿ ನಿಜವಿಲ್ಲವೆಂದು ನಾನು ಹೇಳುವುದಿಲ್ಲ. ಆಗಿನ ಎಂಜಿನ್ನುಗಳ ಶಕ್ತಿ ಸಣ್ಣದು, ಒಂದೊಂದು ಸೇರು ತೂಕಕ್ಕೂ ಲೆಕ್ಕವಿತ್ತು. ಆದರೆ ಅದನ್ನು ಹಗುರ ಮಾಡುವುದು ಹೇಗೆಂದು ಯಾರೂ ತುರ್ತಾಗಿ ತಲೆಕೆಡಿಸಿಕೊಳ್ಳಲಿಲ್ಲ. ಜಿಗಿಯುವ ದಾರಿ ಇದ್ದರೆ ಪೈಲಟ್ ಕೊನೆಯವರೆಗೆ ಹೋರಾಡುವುದಿಲ್ಲ, ವಿಮಾನ ಬಿಟ್ಟು ಓಡುತ್ತಾನೆ ಎಂಬ ಸಂಶಯವೂ ಆ ದಿನಗಳಲ್ಲಿ ತಲೆಯೆತ್ತಿತ್ತು. ಬಲೂನಿನವನ ಮೇಲೆ ಬಾರದ ಈ ಸಂಶಯ ಪೈಲಟ್ಟಿನ ಮೇಲೆ ಮಾತ್ರ ಯಾಕೆ ಬಂತು?

ಕ್ಯಾಲ್‌ತ್ರಾಪ್‌ನ ಕೊಡೆಗೆ ಕೆಲಸ ಸಿಗಲಿಲ್ಲವೆಂದೂ ಅಲ್ಲ. ಶತ್ರುವಿನ ನೆಲಕ್ಕೆ ಗೂಢಚಾರರನ್ನು ಇಳಿಸಲು ಅದನ್ನು ಬಳಸಿದರು. 1918ರ ಆಗಸ್ಟ್‌ನಲ್ಲಿ ಇಟಲಿಯ ತಾಂದೂರಾ ಎಂಬ ಗೂಢಚಾರ ರಾತ್ರಿ ಹೊತ್ತು ಆಸ್ಟ್ರಿಯನ್ನರ ಗಡಿಯಾಚೆ ಇಳಿದದ್ದು ಅದೇ ಕೊಡೆಯಲ್ಲಿ. ವಿಮಾನ ನಡೆಸಿದವನು ಕೆನಡಾದ ಹೆಸರಾಂತ ಯುದ್ಧಪೈಲಟ್ ವಿಲಿಯಂ ಬಾರ್ಕರ್. ಗೂಢಚಾರನನ್ನು ಇಳಿಸಿದ ಆ ಬಾರ್ಕರ್, ತನ್ನ ಯುದ್ಧವಿಮಾನ ಏರುವಾಗ ಧುಮುಕುಕೊಡೆ ಇಲ್ಲದೆಯೇ ಏರುತ್ತಿದ್ದ. ಆರ್‌ಫರ್ಡ್‌ನೆಸ್‌ನಲ್ಲಿ ಕೊಡೆ ಕಟ್ಟಿ ಜಿಗಿದಿದ್ದ ಕಾಲೆಟ್, 1917ರ ಡಿಸೆಂಬರ್‌ನಲ್ಲಿ, ಶತ್ರುವಿನಿಂದ ವಶಪಡಿಸಿಕೊಂಡ ವಿಮಾನವೊಂದನ್ನು ಪರೀಕ್ಷೆಗೆಂದು ಹಾರಿಸುವಾಗ ಬಿದ್ದು ಸತ್ತ.

ಜರ್ಮನರಿಗೆ ಎಂಜಿನ್ನಿನ ಶಕ್ತಿಯೇನೂ ಹೆಚ್ಚಿರಲಿಲ್ಲ. ಅವರು 1918ರಲ್ಲಿ ಹೈನೆಕೆ ಎಂಬವನ ಧುಮುಕುಕೊಡೆಯನ್ನು ಪೈಲಟ್‌ಗಳಿಗೆ ಕೊಡತೊಡಗಿದರು. ಚೀಲದಲ್ಲಿ ಮಡಿಸಿಟ್ಟ ಅದೇ ಕೂರುವ ಮೆತ್ತೆಯೂ ಆಯಿತು. ಜಿಗಿದಾಗ ವಿಮಾನಕ್ಕೆ ಕಟ್ಟಿದ ಹಗ್ಗ ಸೆಳೆದು ಕೊಡೆ ಬಿಚ್ಚಿಕೊಳ್ಳಬೇಕು. ಜೂನ್ 29ರಂದು ಅರ್ನ್‌ಸ್ಟ್ ಊಡೆಟ್‌ನ ವಿಮಾನ ಫ್ರೆಂಚ್ ವಿಮಾನವೊಂದರ ಗುಂಡಿಗೆ ಸಿಕ್ಕು ಹಿಡಿತ ತಪ್ಪಿತು. ಅವನು ಜಿಗಿದ. ಮೈಗೆ ಕಟ್ಟಿದ ಪಟ್ಟಿ ಬಾಲದ ಚುಕ್ಕಾಣಿಗೆ ಸಿಕ್ಕಿಕೊಂಡಿತು. ವಿಮಾನದ ಜೊತೆಯೇ ಕೆಳಗೆ ಬೀಳುತ್ತ, ಇದ್ದಬದ್ದ ಬಲವನ್ನೆಲ್ಲ ಹಾಕಿ ಚುಕ್ಕಾಣಿಯ ತುದಿ ಮುರಿದು ಬಿಡಿಸಿಕೊಂಡ. ನೆಲ ಇನ್ನು ಕೆಲವು ನೂರು ಅಡಿ ಇರುವಾಗ ಕೊಡೆ ಬಿಚ್ಚಿತು. ಕಾಲು ಉಳುಕಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಹೈನೆಕೆಯ ಕೊಡೆ ಎಲ್ಲರನ್ನೂ ಉಳಿಸಲಿಲ್ಲ. 54 ವಿಮಾನ ಉರುಳಿಸಿದ ಲೋವನ್‌ಹಾರ್ಟ್ ಆಗಸ್ಟ್ 10ರಂದು ಜಿಗಿದಾಗ ಅದು ಬಿಚ್ಚಲೇ ಇಲ್ಲ, ಸೆಪ್ಟೆಂಬರ್‌ನಲ್ಲಿ ರೂಮೈ ಎಂಬವನಿಗೂ ಹಾಗೆಯೇ ಆಯಿತು. ಹಾಗಿದ್ದರೂ ಜಿಗಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಅವಕಾಶ ಅವರ ಕೈಯಲ್ಲಿತ್ತು.

ಇಂದ್ರಲಾಲ್ ರಾಯ್‌ಗೆ ಆ ಅವಕಾಶ ಇರಲಿಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದುತ್ತಿದ್ದ ಹುಡುಗ. ಕಣ್ಣು ಸಾಲದೆಂದು ವಾಯುಪಡೆ ಮೊದಲು ತಿರಸ್ಕರಿಸಿದಾಗ, ತನ್ನ ಮೋಟಾರ್‌ಸೈಕಲ್ ಮಾರಿ, ಆ ಹಣದಲ್ಲಿ ದೊಡ್ಡ ಕಣ್ಣಿನ ವೈದ್ಯರೊಬ್ಬರಿಂದ ಮತ್ತೆ ತಪಾಸಣೆ ಮಾಡಿಸಿಕೊಂಡನಂತೆ. 1917ರ ಡಿಸೆಂಬರ್‌ನಲ್ಲಿ ಅವನ ಎಸ್.ಇ.5 ವಿಮಾನ ಬಿದ್ದು ಪೆಟ್ಟಾಯಿತು. ಸತ್ತನೆಂದು ಹೆಣಗಳ ಜೊತೆ ಮಲಗಿಸಿದ್ದರು, ಎಚ್ಚರವಾಗಿ ಬಾಗಿಲು ಬಡಿದ ಎಂಬ ಕಥೆಯಿದೆ. ಚೇತರಿಸಿಕೊಳ್ಳುತ್ತ ಅವನು ಬರೆದ ವಿಮಾನಗಳ ರೇಖಾಚಿತ್ರಗಳು ಇಂದಿಗೂ ಉಳಿದಿವೆ. ಹಾರಾಟಕ್ಕೆ ತಕ್ಕವನಲ್ಲ ಎಂದ ವೈದ್ಯರನ್ನು ಕಾಡಿ ಬೇಡಿ ಒಪ್ಪಿಸಿ, ಜೂನ್‌ನಲ್ಲಿ 40ನೆಯ ಸ್ಕ್ವಾಡ್ರನ್ ಸೇರಿದ. ಜುಲೈ 6ರಿಂದ 19ರವರೆಗೆ, ಎರಡು ವಾರದೊಳಗೆ, 10 ವಿಜಯಗಳು. 22ರಂದು ಜರ್ಮನ್ ಫೋಕರ್ ವಿಮಾನಗಳ ಜೊತೆಗಿನ ಕಾದಾಟದಲ್ಲಿ ಅವನ ವಿಮಾನ ಹೊತ್ತಿ ಉರಿಯುತ್ತ ಬಿತ್ತು. ಊಡೆಟ್ ಜಿಗಿದು ಬದುಕಿ ಆಗಲೇ ಮೂರು ವಾರ ಕಳೆದಿತ್ತು. ಎಸ್ತೆವೆಲ್ ಎಂಬ ಹಳ್ಳಿಯ ಸ್ಮಶಾನದಲ್ಲಿ ರಾಯ್‌ನ ಸಮಾಧಿ ಇದೆ, ಕಲ್ಲಿನ ಮೇಲೆ ಬಂಗಾಳಿ ಅಕ್ಷರಗಳೂ ಇವೆ. ಪದಕ ಬಂದದ್ದು ಸತ್ತಮೇಲೆ.

ಅದೇ ಬೇಸಿಗೆಯಲ್ಲಿ, ಜೂನ್ 30ರಂದು, ಮುಂಬಯಿಯ ಶ್ರೀಕೃಷ್ಣ ವೆಲಿಂಗ್ಕರ್ ಎಂಬ ಪೈಲಟ್ಟೂ ಗಾಯಗೊಂಡು ಜರ್ಮನರ ಸೆರೆಯಲ್ಲಿ ಸತ್ತಿದ್ದ. ಅವನ ಹೆಸರು ಇಲ್ಲಿ ಹೆಚ್ಚು ಜನಕ್ಕೆ ಗೊತ್ತೇ ಇಲ್ಲ.

ಮ್ಯಾನಕ್‌ನ ಸಾವು ಅವನು ಹೆದರಿದ ಹಾಗೆಯೇ ಬಂತು. ಕೆಡವಿದ ವಿಮಾನದ ಹಿಂದೆ ಕೆಳಗೆ ಹೋಗಬೇಡಿ, ನೆಲದಿಂದ ಗುಂಡು ಹೊಡೆಯುತ್ತಾರೆ ಎಂದು ಹೊಸಬರಿಗೆ ಹೇಳುತ್ತಿದ್ದವನೇ ಅವನು. ಜುಲೈ 26ರ ಬೆಳಗ್ಗೆ ಒಬ್ಬ ಹೊಸ ಹುಡುಗನಿಗೆ ಯುದ್ಧ ತೋರಿಸಿಕೊಡುತ್ತ ತಾನೇ ಕೆಳಗೆ ಇಳಿದ. ನೆಲದ ಗುಂಡು ತಾಗಿ ವಿಮಾನಕ್ಕೆ ಬೆಂಕಿ ಹತ್ತಿತು. ಐದು ದಿನಕ್ಕೆ ಮೆಕೆಲ್ರಾಯ್‌ನನ್ನೂ ನೆಲದ ಗುಂಡೇ ಕೆಡವಿತು. ಅಷ್ಟು ತಗ್ಗಿನಲ್ಲಿ ಧುಮುಕುಕೊಡೆ ಇದ್ದರೂ ಇವರಿಬ್ಬರೂ ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಹಾಗೆ ಹೇಳಬಹುದಾದ ಹುಡುಗರು, ಎತ್ತರದಲ್ಲಿ ವಿಮಾನ ಹೊತ್ತಿಯೋ ರೆಕ್ಕೆ ಮುರಿದೋ ಕೆಲವು ನಿಮಿಷ ಪ್ರಜ್ಞೆಯಿದ್ದೇ ಬಿದ್ದವರು, ನಾಲ್ಕು ವರ್ಷ ತುಂಬ ಇದ್ದರು.

ಬದುಕಿ ಬಂದವರೂ ಇದ್ದರು. ಸರ್ದಾರ್ ಹರ್ದಿತ್ ಸಿಂಗ್ ಮಲಿಕ್ ಪೇಟದ ಮೇಲೆ ಹಿಡಿಸುವಷ್ಟು ದೊಡ್ಡ ಶಿರಸ್ತ್ರಾಣ ತೊಟ್ಟು ಕ್ಯಾಮೆಲ್ ವಿಮಾನ ಹಾರಿಸಿದವರು, ಅದೇ ಬಾರ್ಕರ್‌ನ ಜೊತೆ. 1917ರ ಅಕ್ಟೋಬರ್ 26ರಂದು ಕಾಲಿಗೆ ಗುಂಡು ತಗಲಿದರೂ ವಿಮಾನವನ್ನು ತಮ್ಮ ಗಡಿಯೊಳಗೆ ತಂದು ಕೆಡವಿಕೊಂಡರು. ವಿಮಾನದ ಮೈಯಲ್ಲಿ ನಾನೂರಕ್ಕೂ ಹೆಚ್ಚು ಗುಂಡಿನ ತೂತುಗಳಿದ್ದವು. ಮುಂದೆ ಸ್ವತಂತ್ರ ಭಾರತದ ರಾಯಭಾರಿಯಾಗಿ ಅದೇ ಫ್ರಾನ್ಸಿಗೆ ಹೋದರು. 1985ರವರೆಗೆ ಬದುಕಿದ್ದರು. 19ಕ್ಕೆ ಸತ್ತ ರಾಯ್, 20ಕ್ಕೆ ಸತ್ತ ಬಾಲ್, ಫಾಸ್ ಇವರೆಲ್ಲರ ಎದುರು ಉಳಿದಿದ್ದ ಬದುಕು ಎಷ್ಟು ಉದ್ದದ್ದಾಗಬಹುದಿತ್ತೆಂದು ಮಲಿಕರ ಆಯುಸ್ಸನ್ನು ನೋಡಿದರೆ ತಿಳಿಯುತ್ತದೆ.

ಯುದ್ಧ ಮುಗಿದ ಮೇಲೆ, 1919ರ ಏಪ್ರಿಲ್‌ನಲ್ಲಿ, ಅಮೆರಿಕದ ಲೆಸ್ಲಿ ಅರ್ವಿನ್ ಬೆನ್ನಿಗೆ ಕಟ್ಟಿಕೊಂಡು ಜಿಗಿದು, ತಾನೇ ಹಗ್ಗ ಎಳೆದು ಬಿಚ್ಚುವ ಧುಮುಕುಕೊಡೆಯನ್ನು ತೋರಿಸಿದ. ಬ್ರಿಟಿಷ್ ವಾಯುಪಡೆ ಅಂಥದ್ದನ್ನು ತನ್ನ ಪೈಲಟ್‌ಗಳಿಗೆ ಕೊಟ್ಟದ್ದು 1920ರ ದಶಕದ ನಡುವಿನಲ್ಲಿ. ಆಗ ಕೊಡೆಯ ತೂಕವೂ ತಡೆಯಾಗಲಿಲ್ಲ, ಜಾಗವೂ ಸಿಕ್ಕಿತು, ಪೈಲಟ್ ಓಡಿಹೋಗುತ್ತಾನೆಂದು ಯಾರೂ ಹೇಳಲಿಲ್ಲ. ಕ್ಯಾಲ್‌ತ್ರಾಪ್ 1927ರಲ್ಲಿ ತೀರಿಕೊಂಡ. ಅವನ ರೈಲು ಬಾರ್ಶಿಯಲ್ಲಿ ಅವನ ಕಾಲ ಮುಗಿದ ಎಷ್ಟೋ ವರ್ಷಗಳ ಮೇಲೂ ಓಡಿತು. ಅವನ ಕೊಡೆಯನ್ನು ಮಾತ್ರ, ಅದು ಬೇಕಾಗಿದ್ದ ನಾಲ್ಕು ವರ್ಷಗಳಲ್ಲಿ, ಒಬ್ಬ ಬ್ರಿಟಿಷ್ ಯುದ್ಧಪೈಲಟ್‌ಗೂ ತೊಡಲು ಕೊಡಲಿಲ್ಲ.